ಮುನಿಯಲ್ಲಮ್ಮ ಕೇಳಿದ ಕೂಲಿ

ಹುಳ ಹಣ್ಣಾಗುವ ದಿನ ಅಶ್ವತ್ಥಪ್ಪನ ಮನೆಯಲ್ಲಿ ಯಾರೂ ಊಟದ ಮಾತೆತ್ತುತ್ತಿರಲಿಲ್ಲ. ಮೂರೂವರೆ ವಾರ ಹೊತ್ತು ಹೊತ್ತಿಗೆ ಸೊಪ್ಪು ತಿಂದು ಬೆಳೆದ ರೇಷ್ಮೆ ಹುಳಗಳು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ತಿನ್ನುವುದನ್ನು ಬಿಟ್ಟು, ತಲೆ ಎತ್ತಿ ಅತ್ತಿತ್ತ ಆಡಿಸತೊಡಗುತ್ತವೆ. ಮೈ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಅಂಥವನ್ನು ಒಂದೊಂದಾಗಿ ಆರಿಸಿ, ಬಿದಿರಿನಲ್ಲಿ ಹೆಣೆದ ಅಗಲವಾದ ಚಂದ್ರಿಕೆಯ ಮೇಲೆ ಬಿಡಬೇಕು. ಅಲ್ಲಿ ಅವು ಗೂಡು ಕಟ್ಟುತ್ತವೆ. ಬೇಗ ಬಿಟ್ಟರೆ ಗೂಡು ಸರಿಯಾಗಿ ಕಟ್ಟುವುದಿಲ್ಲ, ತಡವಾದರೆ ತಟ್ಟೆಯಲ್ಲೇ ನೂಲು ಸುರಿದು ಹಾಳಾಗುತ್ತದೆ. ಆ ಹದ ಕಾಣುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ಶ್ರೀನಿವಾಸಪುರದಿಂದ ರಾಯಲ್ಪಾಡಿಗೆ ಹೋಗುವ ದಾರಿಯಲ್ಲಿ, ಮೂರು ಮೈಲಿ ದೂರದ ನಲ್ಲಗುಂಟಪಲ್ಲಿಯಲ್ಲಿ ಅಂಥ ಕಣ್ಣು ಇದ್ದದ್ದು ಮುನಿಯಲ್ಲಮ್ಮನಿಗೆ.

ಮುನಿಯಲ್ಲಮ್ಮನಿಗೆ ನೆಲವಿರಲಿಲ್ಲ, ಗಂಡನೂ ಇರಲಿಲ್ಲ. ಮಗ ಎಲ್ಲಪ್ಪ ಊರವರ ತೋಟಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿ ಮಾಡುತ್ತಿದ್ದ. ಆಕೆ ಹುಳ ಹಣ್ಣಾದ ಮನೆಗಳಿಗೆ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಕೂತು ಆರಿಸಿ ಕೊಟ್ಟು, ಎರಡು ಸೇರು ರಾಗಿ ಪಡೆದು ಬರುತ್ತಿದ್ದಳು.

ಸಾವಿರದ ಒಂಬೈನೂರ ಮೂವತ್ತೊಂಬತ್ತರ ಆ ಬೆಳೆಯಲ್ಲಿ ಕೆಲಸ ಮುಗಿಸಿ ಎದ್ದವಳಿಗೆ ಅಶ್ವತ್ಥಪ್ಪ ಮೊರದಲ್ಲಿ ರಾಗಿ ತಂದಿಟ್ಟ. ಆಕೆ ಸೆರಗು ಒಡ್ಡಲಿಲ್ಲ.

"ರಾಗಿ ಬ್ಯಾಡಪ್ಪ. ಒಂದು ಚಂದ್ರಿಕೆ ಕೊಡು."

ಅಶ್ವತ್ಥಪ್ಪ ಕಣ್ಣರಳಿಸಿದ. ಜಪಾನಿನ ರೇಷ್ಮೆ ಬಂದು ಗೂಡಿನ ಬೆಲೆ ಬಿದ್ದುಹೋಗಿದ್ದ ಕಾಲವದು. ಆದರೂ ಒಂದು ಚಂದ್ರಿಕೆಯ ಗೂಡೆಂದರೆ ಎರಡು ಸೇರು ರಾಗಿಗಿಂತ ಎಷ್ಟೋ ಹೆಚ್ಚು.

"ಇದೇನಕ್ಕ, ಇದ್ದಕ್ಕಿದ್ದಂಗೆ ಹಿಂಗ್ ಕೇಳ್ತೀಯ?"

"ನಂಗಲ್ಲ ಕಣೋ, ನಿನ್ ಮಗನ್ಗೆ. ಈ ಕೊನೇ ಚಂದ್ರಿಕೆ ಗೂಡನ್ನ ಬ್ಯಾರೆ ಮಾರು. ಬಂದ ದುಡ್ಡನ್ನ ಶ್ರೀನಿವಾಸಪುರದ ಪೋಸ್ಟಾಫೀಸಲ್ಲಿ ಕದಿರೇಶನ ಹೆಸ್ರಲ್ಲಿ ಕಟ್ಟು. ಅವನು ಮಿಡ್ಲ್ ಸ್ಕೂಲ್ ಮುಗ್ಸಿ ಕೋಲಾರದ ಹೈಸ್ಕೂಲಿಗೆ ಹೋಗೋವರ್ಗೂ ಮುಟ್ಬೇಡ. ಪ್ರತಿ ಬೆಳೆಗೂ ನನ್ ಕೂಲಿ ಅದೇ."

ಎಂಟು ವರ್ಷದ ಕದಿರೇಶ ಆಗ ಅಂಗಳದಲ್ಲಿ ಗೋಲಿ ಆಡುತ್ತಿದ್ದ. ಅಶ್ವತ್ಥಪ್ಪನಿಗೆ ನಗು ಬಂತು. "ಓದ್ಸಿ ಏನ್ ಮಾಡೋದಕ್ಕ? ಅಮಲ್ದಾರ್ ಆಗ್ತಾನಾ?"

"ಆಗ್ಲಿ, ಬಿಡ್ಲಿ. ಅವನು ಹೋಗ್ತೀನಿ ಅಂದ ದಿನ ಮನೇಲಿ ಇಲ್ಲ ಅನ್ನಂಗಾಗ್ಬಾರ್ದು."

ಇದೇ ಮಾತನ್ನು ಆಕೆ ಇನ್ನೂ ನಾಲ್ಕು ಮನೆಗಳಲ್ಲಿ ಆಡಿದ್ದಳು. ಸ್ವಲ್ಪ ನೆಲ, ಹುಳ ಸಾಕಲು ಒಂದು ಕೋಣೆ, ಓದುವ ವಯಸ್ಸಿನ ಒಬ್ಬ ಹುಡುಗ, ಇಷ್ಟಿದ್ದ ಬಡ ಮನೆಗಳು ಅವು. ಪುಕ್ಕಟೆ ಕೆಲಸ ಮಾಡಿಕೊಡುವವಳ ಎದುರು ಇಲ್ಲ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಅಶ್ವತ್ಥಪ್ಪನೂ ಒಪ್ಪಿದ. ಒಪ್ಪಿದವನು ಮರೆತುಬಿಡಬಹುದು ಎಂದುಕೊಂಡಿದ್ದ. ಆದರೆ ಮುನಿಯಲ್ಲಮ್ಮ ಮರೆಯುವವಳಲ್ಲ. ಪ್ರತಿ ಬೆಳೆ ಮುಗಿದ ಮೇಲೂ ಬಾಗಿಲಿಗೆ ಬಂದು, "ಕಟ್ಟಿದ್ಯಾ?" ಎಂದು ಒಂದೇ ಮಾತು ಕೇಳಿ, ಹೂಂ ಅಂದರೆ ಹಾಗೇ ತಿರುಗಿ ಹೋಗುತ್ತಿದ್ದಳು. ರಾಗಿ ಕೂಲಿ ಬಿಟ್ಟ ಮೇಲೆ ಅವಳ ಮನೆಯಲ್ಲಿ ಎಷ್ಟು ಹೊತ್ತು ಒಲೆ ಉರಿಯುತ್ತಿತ್ತೋ, ಅದನ್ನು ಯಾರೂ ಕೇಳಲಿಲ್ಲ.

ನಾಲ್ಕು ವರ್ಷದಲ್ಲಿ ಕಾಲ ಬದಲಾಯಿತು. ಯುದ್ಧ ಬಂತು. ವಿಮಾನದಿಂದ ಸಿಪಾಯಿಗಳು ಇಳಿಯುವ ಛತ್ರಿಗೆ ರೇಷ್ಮೆ ಬೇಕಂತೆ ಎಂದು ಶಿಡ್ಲಘಟ್ಟದ ವ್ಯಾಪಾರಿಗಳು ಗೂಡಿಗಾಗಿ ಮನೆ ಬಾಗಿಲಿಗೇ ಬರತೊಡಗಿದರು. ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಕೂಡಲೇ ಅಶ್ವತ್ಥಪ್ಪನ ಹಳೆಯ ಚಟವೊಂದು ಹೆಡೆಯೆತ್ತಿತು. ಅದು ಕೋಳಿ ಪಂದ್ಯ. ಮುಳಬಾಗಿಲಿನಿಂದ ನಂಗಲಿ ದಾಟಿ ಗಡಿಯಾಚೆ ಹೋದರೆ ಸಂಕ್ರಾಂತಿಯ ಹೊತ್ತಿಗೆ ದೊಡ್ಡ ಪಂದ್ಯಗಳು ನಡೆಯುತ್ತಿದ್ದವು. ಅವನು ಮೂರು ಹುಂಜ ಸಾಕಿದ. ಅದರಲ್ಲಿ ಕೆಂಪು ಗರಿಯ ಒಂದನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೈ ನೀವುತ್ತಾ ಕೂತರೆ ಹೆಂಡತಿ ಬಚ್ಚಮ್ಮ ಕರೆದದ್ದೂ ಕೇಳಿಸುತ್ತಿರಲಿಲ್ಲ. ಎರಡು ಸಲ ಗೆದ್ದ. ಗೆದ್ದವನ ಭುಜಕ್ಕೆ ಊರೂರಿನವರು ಕೈ ಹಾಕಿ ಮಾತಾಡಿಸಿದಾಗ ಸಿಗುವ ಸುಖ ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ನಲವತ್ತನಾಲ್ಕರ ಸಂಕ್ರಾಂತಿಗೆ ಅವನು ಪೋಸ್ಟಾಫೀಸಿಗೆ ಹೋಗಿ ಕದಿರೇಶನ ಹೆಸರಿನಲ್ಲಿದ್ದುದನ್ನೆಲ್ಲ ತೆಗೆದ. ಕದಿಯುತ್ತಿದ್ದೇನೆ ಎಂದು ಆಗ ಅನ್ನಿಸಲಿಲ್ಲ. ಹದಿನೈದು ದಿನಕ್ಕೆ ಎರಡರಷ್ಟು ಮಾಡಿ ತಂದು ಕಟ್ಟಿಬಿಡುತ್ತೇನೆ, ಹುಡುಗ ಬೆಂಗಳೂರಿಗೇ ಹೋಗಿ ಓದಲಿ ಎಂದು ನಿಜವಾಗಿಯೂ ಅಂದುಕೊಂಡಿದ್ದ. ಕಣದಲ್ಲಿ ಕೆಂಪು ಹುಂಜ ಒಂದು ಸಲ ಮೇಲೆ ಹಾರಿತು, ಎರಡನೆಯ ಸಲ ಹಾರಲಿಲ್ಲ. ಅಷ್ಟೇ. ಅಲ್ಲಿಂದ ಮುಳಬಾಗಿಲಿನವರೆಗೆ ನಡೆದೇ ಬಂದ. ಬಸ್ಸಿಗೆ ಕೊಡುವುದಕ್ಕೂ ಏನೂ ಉಳಿದಿರಲಿಲ್ಲ.

ಮುಂದಿನ ಬೆಳೆ ಮುಗಿದಾಗ ಮುನಿಯಲ್ಲಮ್ಮ ಬಾಗಿಲಿಗೆ ಬಂದು ಕೇಳಿದಳು, "ಕಟ್ಟಿದ್ಯಾ?"

"ಹೂಂ," ಅಂದ ಅಶ್ವತ್ಥಪ್ಪ. ಅದು ಸುಳ್ಳಾಗಿತ್ತು. ಹಳೆಯ ದುಡ್ಡು ಹೋದ ಮೇಲೆ ಹೊಸದನ್ನು ತೆಗೆದುಕೊಂಡು ಹೋಗಿ ಪೋಸ್ಟಾಫೀಸಿನ ಪುಸ್ತಕ ಚಾಚಲು ಅವನಿಗೆ ಮುಖವಿರಲಿಲ್ಲ.

ಬೇಸಿಗೆಯಲ್ಲಿ ಪರೀಕ್ಷೆಯ ಫಲ ಬಂತು. ಊರಿನ ಐದು ಹುಡುಗರೂ ಮಿಡ್ಲ್ ಸ್ಕೂಲ್ ಪಾಸಾಗಿದ್ದರು. ಒಂದೇ ವರ್ಷ ಐದು ಮಂದಿ ಕೋಲಾರದ ಹೈಸ್ಕೂಲಿಗೆ ಹೋಗುವುದು ನಲ್ಲಗುಂಟಪಲ್ಲಿಯಲ್ಲಿ ಹಿಂದೆಂದೂ ಇಲ್ಲದ ಸಂಗತಿ. ಮುನಿಯಲ್ಲಮ್ಮ ಮನೆ ಮನೆಗೆ ಹೋಗಿ, "ಬರೋ ಗುರುವಾರ ಎಲ್ರೂ ಒಟ್ಗೆ ಪೋಸ್ಟಾಫೀಸಿಗೆ ಹೋಗೋಣ, ನಾನೂ ಬರ್ತೀನಿ" ಅಂದಳು. ಆವತ್ತು ಉಡಲೆಂದು ಒಗೆದ ಸೀರೆಯನ್ನು ಅವಳು ಬೇಲಿಯ ಮೇಲೆ ಹರಡಿದ್ದನ್ನು ಅಶ್ವತ್ಥಪ್ಪ ನೋಡಿದ.

ಮಂಗಳವಾರ ಬೆಳಿಗ್ಗೆ ಅವನು ಅವಳನ್ನು ಹುಡುಕಿಕೊಂಡು ಹೋದ. ಆ ಐದು ಮನೆಗಳಲ್ಲಿ ಒಂದಾದ ದೊಡ್ಡನಾರಾಯಣಪ್ಪನ ಮನೆಯಲ್ಲಿ ಹುಳ ಹಣ್ಣಾಗಿತ್ತು. ಮನೆಯವರು ಪಕ್ಕದೂರಿಂದ ಇನ್ನೆರಡು ಚಂದ್ರಿಕೆ ತರಲು ಹೋಗಿದ್ದರು. ಹುಳದ ಕೋಣೆಯಲ್ಲಿ ಮುನಿಯಲ್ಲಮ್ಮ ಒಬ್ಬಳೇ ಕೂತಿದ್ದಳು.

ಬಾಗಿಲಲ್ಲೇ ನಿಂತು ಅವನು ಹೇಳಿದ, "ಅಕ್ಕ, ಗುರುವಾರ ನಾನು ಬರಲ್ಲ."

"ಯಾಕೋ?"

"ಪೋಸ್ಟಾಫೀಸಲ್ಲಿ ಏನೂ ಇಲ್ಲ."

ಅವಳ ಕೈ ನಿಲ್ಲಲಿಲ್ಲ. ಒಂದು ಹುಳವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಚಂದ್ರಿಕೆಗೆ ಬಿಟ್ಟಳು. "ಬಾಗ್ಲಲ್ಲಿ ನಿಂತ್ಕೋಬೇಡ, ಒಳಗ್ ಬಾ. ಆ ತಟ್ಟೇಲೂ ಹಣ್ಣಾಗೈತೆ. ಆರ್ಸ್ತಾ ಹೇಳು."

ಅಶ್ವತ್ಥಪ್ಪ ಕೂತ. ಹುಳ ಆರಿಸುತ್ತಾ, ಅವಳ ಮುಖ ನೋಡದೆ, ಎಲ್ಲವನ್ನೂ ಹೇಳಿದ. ಸಂಕ್ರಾಂತಿಯ ಪಂದ್ಯ, ಕೆಂಪು ಹುಂಜ, ನಡೆದು ಬಂದದ್ದು, ಆಮೇಲೆ ಹೂಂ ಅಂದದ್ದು. ಅವಳು ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾದ. ಮುನಿಯಲ್ಲಮ್ಮ ಇನ್ನೂ ನಾಲ್ಕು ಹುಳ ಆರಿಸಿ ಚಂದ್ರಿಕೆಗೆ ಬಿಟ್ಟಳು.

"ನಮ್ ಎಲ್ಲಪ್ಪನ್ಗೆ ಕೋಲಾರದಲ್ಲಿ ಸೀಟು ಸಿಕ್ಲಿಲ್ಲ ಅಂತ ಊರೆಲ್ಲ ಅಂದ್ಕೊಂಡೈತೆ, ಅಲ್ವಾ?" ಎಂದಳು ಕೊನೆಗೆ. "ಹಂಗಂತ ನಾನೇ ಹೇಳಿದ್ದು. ಸಿಕ್ಕಿತ್ತು ಕಣೋ. ಹಾಸ್ಟೆಲ್ನೋರು ಕಾಗದ ಬರ್ದಿದ್ರು. ಊಟ, ಇರೋ ಜಾಗ ಬಿಟ್ಟಿ, ಬಟ್ಟೆ ಪುಸ್ತಕ ಮಾತ್ರ ನೀವ್ ನೋಡ್ಕೊಳ್ಳಿ ಅಂತ. ಅದಕ್ಕೇ ಅಂತ ಒಂದ್ ಹಸ ಸಾಕಿದ್ದೆ. ಅದೇ ತಿಂಗ್ಳು ಅವರಪ್ಪ ತೀರ್ಕೊಂಡ್ರು. ತಿಥಿ ಸಣ್ದಾಗಿ ಮಾಡಿದ್ರೆ ನೆಂಟ್ರು ಆಡ್ಕೋತಾರೆ ಅಂತ ಹಸ ಮಾರಿ ಮೂರೂರ್ಗೆ ಊಟ ಹಾಕ್ದೆ."

"ಎಲ್ಲಪ್ಪ ಏನಂದ?"

"ಒಂದ್ ಮಾತೂ ಆಡ್ಲಿಲ್ಲ. ಆ ಊಟದಲ್ಲಿ ಅವನೇ ಬಡಿಸ್ದ, ಅವನೇ ಎಲೆ ಎತ್ತಿದ. ಮಾರನೇ ದಿನ ಕುಡ್ಲು ತಗೊಂಡು ಸೊಪ್ಪು ಕೊಯ್ಯಕ್ಕೆ ಹೋದ." ಅವಳ ದನಿ ಮೊದಲ ಸಲ ತಡವರಿಸಿತು. "ಬೈದಿದ್ರೆ ಚೆನ್ನಾಗಿತ್ತು."

ಅಶ್ವತ್ಥಪ್ಪನ ಕೈಯಲ್ಲಿದ್ದ ಹುಳ ಬೆರಳಿಗೆ ನೂಲು ಸುತ್ತತೊಡಗಿತ್ತು. ಇಷ್ಟು ವರ್ಷ ಅವನು ಈಕೆಯನ್ನು ಹುಟ್ಟುತ್ತಲೇ ದೊಡ್ಡ ಮನಸ್ಸು ಪಡೆದು ಬಂದವಳು ಎಂದುಕೊಂಡಿದ್ದ. ತನ್ನಂತೆಯೇ ಒಂದು ದಿನ ತಪ್ಪಿದವಳು, ಆ ತಪ್ಪನ್ನು ಹೊತ್ತುಕೊಂಡೇ ಐದು ಮನೆಗಳ ಬಾಗಿಲು ತಟ್ಟಿದವಳು ಎಂದು ಈಗ ಗೊತ್ತಾಯಿತು. ಅವನಿಗೆ ಅವಳ ಮೇಲಿದ್ದ ಗೌರವ ಅದರಿಂದ ಕಮ್ಮಿಯಾಗಲಿಲ್ಲ, ಇನ್ನೂ ಹೆಚ್ಚಿತು.

"ನಿಂಗೆ ಬೈಯಕ್ಕೆ ನಾನ್ಯಾರು?" ಎಂದಳು ಮುನಿಯಲ್ಲಮ್ಮ. "ಒಂದ್ ಮಾತು ಕೇಳು. ನಾನು ಊರ್ಗೆ ಸುಳ್ಳು ಹೇಳ್ದೆ. ನೀನು ಹೇಳ್ಬೇಡ. ಹುಡುಗನ್ಗೆ, ಅವರಮ್ಮನ್ಗೆ, ಉಳ್ದೋರ್ಗೆ, ನಿನ್ ಬಾಯಿಂದ್ಲೇ ಹೇಳು. ಆಮೇಲೆ ನೋಡೋಣ."

ಮನೆಗೆ ಬಂದು ಹೇಳಿದ. ಬಚ್ಚಮ್ಮ ಗೋಡೆಗೆ ಒರಗಿ ಕೂತಳು. ಕದಿರೇಶ ಅಪ್ಪನ ಮುಖವನ್ನೂ ಅಮ್ಮನ ಮುಖವನ್ನೂ ನೋಡಿದ. ಹದಿಮೂರು ವರ್ಷದ ಹುಡುಗ, ಒಂದು ಹನಿ ಕಣ್ಣೀರು ಹಾಕದೆ ಕೇಳಿದ, "ಹಂಗಾದ್ರೆ ನಾಳೆಯಿಂದ ಸೊಪ್ಪು ಕೊಯ್ಯಕ್ಕೆ ಬರ್ಲಾ ಅಪ್ಪಾ?"

ಅಶ್ವತ್ಥಪ್ಪನಿಗೆ ಎಲ್ಲಪ್ಪ ಕಣ್ಣೆದುರು ನಿಂತಂತಾಯಿತು. ಅಂಗಳಕ್ಕೆ ಹೋಗಿ, ಯಾರಿಗೂ ಕಾಣದಂತೆ ಬಣವೆಯ ಹಿಂದೆ ನಿಂತು ಅತ್ತ.

ಗುರುವಾರ ಬೆಳಿಗ್ಗೆ ದೊಡ್ಡನಾರಾಯಣಪ್ಪನ ಜಗುಲಿಯ ಮೇಲೆ ಎಲ್ಲರೂ ಸೇರಿದ್ದರು. ಅಶ್ವತ್ಥಪ್ಪ ಕೆಳಗೆ ನಿಂತು, ಆದದ್ದನ್ನು ಆದ ಹಾಗೇ ಹೇಳಿದ. ದೊಡ್ಡನಾರಾಯಣಪ್ಪ ಮಾತು ತಡೆಯುವ ಮನುಷ್ಯನಲ್ಲ.

"ಏನ್ಲಾ, ಆ ಹೆಣ್ಮಗಳು ಹೊಟ್ಟೆ ಕಟ್ಟಿ ಐದ್ ವರ್ಷ ನಿನ್ ಮನೆ ಹುಳ ನೋಡಿದ್ಲು. ಅದನ್ನೆಲ್ಲ ತಗೊಂಡೋಗಿ ಹುಂಜದ ಕಾಲ್ಗೆ ಕಟ್ಬಿಟ್ಯಲ್ಲೋ! ಇವತ್ತು ನಾವೆಲ್ಲ ಸೇರಿ ನಿನ್ ಮಗನ್ಗೂ ದುಡ್ಡು ಹಾಕ್ಬೇಕು ಅಂತ ಬಂದ್ಯಾ?"

"ಇಲ್ಲಣ್ಣ. ಕೇಳಕ್ಕೆ ಬರ್ಲಿಲ್ಲ. ಹೇಳಕ್ಕೆ ಬಂದೆ."

ಐದು ಹುಡುಗರಲ್ಲಿ ಒಬ್ಬನ ತಾಯಿ ಶಾಮಲಮ್ಮ ಅಲ್ಲಿ ಕೂತಿದ್ದಳು. ಗಂಡ ಸತ್ತ ಮೇಲೆ ಸಂಸಾರ ತೂಗಿಸಿದವಳು. ಮಾತಿಗಿಂತ ಕೆಲಸದ ಕಡೆ ಅವಳ ಗಮನ. "ಬೈಯೋದು ಇದ್ದಿದ್ದೇ, ಆಮೇಲೆ ಬೈಯಿ," ಎಂದಳು. "ಕೋಲಾರದಲ್ಲಿ ಕೋಣೆ ಗೊತ್ಮಾಡಿದ್ದಾಯ್ತು. ಹುಡುಗ್ರಿಗೆ ಅಡುಗೆ ಯಾರ್ ಮಾಡ್ತಾರೆ? ಯುದ್ಧದ ಕಾಲ, ಹೋಟ್ಲಲ್ಲಿ ಎರಡ್ ಹೊತ್ತು ತಿಂದ್ರೆ ನಾವ್ ಕೂಡಿಟ್ಟಿದ್ದು ಯುಗಾದೀವರ್ಗೂ ಬರಲ್ಲ. ನಂಗೆ ಅದೇ ಯೋಚ್ನೆ."

ಅದನ್ನು ಯಾರೂ ಅಷ್ಟು ದೂರ ಯೋಚಿಸಿರಲಿಲ್ಲ.

"ನಾನ್ ಮಾಡ್ತೀನಿ," ಅಂದ ಅಶ್ವತ್ಥಪ್ಪ.

"ನೀನಾ?"

"ನಾನೇ. ಅಲ್ಲೇ ಇರ್ತೀನಿ. ಬೆಳಗ್ಗೆ ಸಾಯಂಕಾಲ ಬೇಯ್ಸಿ ಹಾಕ್ತೀನಿ. ನಡುವೆ ಮಂಡೀಲಿ ಮೂಟೆ ಹೊತ್ತು ಕದಿರೇಶನ ಫೀಜು ನಾನೇ ದುಡೀತೀನಿ. ನೀವು ರಾಗಿ, ಕಾಳು ಕಳಿಸ್ಕೊಡಿ."

ಎರಡು ಮೂರು ಮಂದಿ ನಕ್ಕರು. ಮೀಸೆ ತಿರುವಿ ಹುಂಜ ಹಿಡಿದು ಓಡಾಡಿದವನು ಒಲೆ ಮುಂದೆ ಕೂರುತ್ತಾನಂತೆ! ದೊಡ್ಡನಾರಾಯಣಪ್ಪ ಮಾತ್ರ ನಗಲಿಲ್ಲ, ಅವನನ್ನು ಮೇಲಿಂದ ಕೆಳಗೆ ನೋಡಿ, "ಮನೆ ಹುಳ ಯಾರ್ ನೋಡ್ತಾರೆ?" ಎಂದ.

ಉತ್ತರ ಗುಂಪಿನ ಹಿಂದಿನಿಂದ ಬಂತು. "ನಾನ್ ನೋಡ್ಕೋತೀನಿ," ಎಂದಳು ಬಚ್ಚಮ್ಮ. "ಮುನಿಯಲ್ಲಕ್ಕ ಇದಾರಲ್ಲ, ಕಲ್ತ್ಕೋತೀನಿ."

ಹೊರಡುವ ಹಿಂದಿನ ದಿನ ಉಳಿದಿದ್ದ ಎರಡು ಹುಂಜಗಳನ್ನು ಬಚ್ಚಮ್ಮ ಸಾರು ಮಾಡಿ ಐದೂ ಮನೆಯವರಿಗೆ ಬಡಿಸಿದಳು. ಅಶ್ವತ್ಥಪ್ಪನೂ ಕೂತು ಉಂಡ. ಮಾಂಸ ಗಟ್ಟಿಯಾಗಿತ್ತು.

ಕೋಲಾರದ ಕೋಟೆಯ ಹತ್ತಿರ ಒಂದು ಹೆಂಚಿನ ಕೋಣೆ, ಐದು ಹುಡುಗರು, ಒಂದು ಒಲೆ. ಮೊದಲ ವಾರ ಮುದ್ದೆಯೊಳಗೆ ಹಿಟ್ಟಿನ ಗಂಟು ಸಿಗುತ್ತಿತ್ತು. ಹುಡುಗರು ಅದನ್ನು ಬೆರಳಲ್ಲಿ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು ಯಾರದು ಹೆಚ್ಚು ಎಂದು ನಗುತ್ತಿದ್ದರು. ಅಶ್ವತ್ಥಪ್ಪ ತಾನೂ ನಗುತ್ತಿದ್ದ. ಪಕ್ಕದ ಮನೆಯ ಮುದುಕಿಯೊಬ್ಬಳು ನೋಡಲಾರದೆ ಬಂದು, ಕೋಲು ಹೇಗೆ ಹಿಡಿಯಬೇಕು, ಹಿಟ್ಟು ಯಾವಾಗ ಸುರಿಯಬೇಕು ಎಂದು ಹೇಳಿಕೊಟ್ಟಳು. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಅವನು ದೊಡ್ಡಪೇಟೆಯ ಮಂಡಿಗೆ ಹೋಗಿ ಮಾಲೂರು, ಮುಳಬಾಗಿಲಿನಿಂದ ಬಂದ ಗಾಡಿಗಳ ಮೂಟೆ ಇಳಿಸುತ್ತಿದ್ದ. ನಂಗಲಿ ಕಡೆಯ ಗಾಡಿಯವನೊಬ್ಬ ಗುರುತು ಹಿಡಿದು, "ಏಮಣ್ಣಾ, ಈ ಸಲ ಹುಂಜ ಯಾವ್ದು?" ಎಂದು ಕೇಳಿದ. ಅಶ್ವತ್ಥಪ್ಪ ಮೂಟೆಗೆ ಬೆನ್ನು ಕೊಟ್ಟ.

ಸಂಜೆ ಐದು ಜನ ಸುತ್ತ ಕೂತು ಗಟ್ಟಿಯಾಗಿ ಓದುವಾಗ ಅವನು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದ. ಅರ್ಥವಾಗುತ್ತಿದ್ದುದು ಕಮ್ಮಿ. ಆದರೆ ಒಬ್ಬ ತಪ್ಪು ಓದಿದರೆ ಇನ್ನೊಬ್ಬ ತಿದ್ದುವ ದನಿಯಿಂದಲೇ ಯಾರ ಓದು ಹೇಗಿದೆ ಎಂದು ಅವನಿಗೆ ತಿಳಿಯತೊಡಗಿತು.

ದೀಪಾವಳಿ ಕಳೆದ ಮೇಲೆ ಮುನಿಯಲ್ಲಮ್ಮ ಶ್ರೀನಿವಾಸಪುರದಿಂದ ಚಿಕ್ಕ ರೈಲು ಹತ್ತಿ ಕೋಲಾರಕ್ಕೆ ಬಂದಳು. ರಾಗಿ ಹಿಟ್ಟಿನ ಮೂಟೆ ಹೊತ್ತು ಎಲ್ಲಪ್ಪ ಜೊತೆಗಿದ್ದ. ಇಪ್ಪತ್ತೆರಡು ವರ್ಷದ ಆಳು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಆವತ್ತು ಭಾನುವಾರ. ಅಶ್ವತ್ಥಪ್ಪ ಇಬ್ಬರಿಗೂ ಚಾಪೆ ಹಾಕಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದ. ಮುನಿಯಲ್ಲಮ್ಮ ಮುದ್ದೆ ಮುರಿದು ನೋಡಿ, ಗಂಟಿಲ್ಲದ್ದನ್ನು ಕಂಡು, ಅವನ ಮುಖ ನೋಡಿದಳು. ಅವನಿಗೆ ಪಂದ್ಯ ಗೆದ್ದಾಗಲೂ ಆಗದಷ್ಟು ಹಿಗ್ಗಾಯಿತು.

ಊಟವಾದ ಮೇಲೆ ಎಲ್ಲಪ್ಪ ಗೋಡೆ ಪಕ್ಕ ಕೂತು ಕದಿರೇಶನ ಚರಿತ್ರೆಯ ಪುಸ್ತಕ ಎತ್ತಿಕೊಂಡ. ಸೊಪ್ಪಿನ ಕಲೆ ಹಿಡಿದ ಬೆರಳಲ್ಲಿ ಸಾಲು ಮುಟ್ಟುತ್ತಾ ಓದಿದ. ಮೊದಲು ತುಟಿ ಮಾತ್ರ ಆಡುತ್ತಿತ್ತು. ಆಮೇಲೆ ದನಿ ಬಂತು. ಹುಡುಗರು ಸುಮ್ಮನಾಗಿ ಕೇಳಿದರು. ಮುನಿಯಲ್ಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದಳು.

"ಅಕ್ಕ," ಎಂದ ಅಶ್ವತ್ಥಪ್ಪ, "ನಾನು ಸ್ಕೂಲಿನ ಮೇಷ್ಟ್ರನ್ನ ಕೇಳಿದೀನಿ. ವಯಸ್ಸಾದೋರು ಸ್ಕೂಲಿಗೆ ಹೋಗ್ದೇನೂ ಪರೀಕ್ಷೆ ಕಟ್ಬಹುದಂತೆ. ಎಲ್ಲಪ್ಪನ್ನ ಇಲ್ಲೇ ಬಿಟ್ಹೋಗು. ಹಗಲು ನನ್ಜೊತೆ ಮಂಡಿಗೆ ಬರ್ಲಿ, ಆ ಕೂಲಿ ನಿಂಗೆ ಸೇರುತ್ತೆ. ಸಾಯಂಕಾಲ ಇವ್ರ ಜೊತೆ ಓದ್ಲಿ. ಊಟ ಈ ಮಡಕೇದು."

ಎಲ್ಲಪ್ಪ ಪುಸ್ತಕ ಮುಚ್ಚಿರಲಿಲ್ಲ. ತಲೆ ಎತ್ತಿ ತಾಯಿಯನ್ನು ನೋಡಿ, ಮೆಲ್ಲಗೆ ಕೇಳಿದ, "ಇರ್ಲಾ ಅಮ್ಮ?"

"ಹಸ ಮಾರಿದ್ ದಿನಾನೂ ಹಿಂಗೇ ಕೇಳ್ಬಾರ್ದಾಗಿತ್ತಾ?" ಎಂದಳು ಅವಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಇರು ಕಣಪ್ಪ. ಇರು."

ಸಂಜೆಯ ರೈಲಿಗೆ ಅವಳನ್ನು ಬಿಡಲು ಅಶ್ವತ್ಥಪ್ಪ ಒಬ್ಬನೇ ಹೋದ. ಹುಡುಗರು ಎಲ್ಲಪ್ಪನನ್ನು ಆಗಲೇ ನಡುವೆ ಕೂರಿಸಿಕೊಂಡಿದ್ದರು. ರೈಲು ಹೊರಡುವ ಹೊತ್ತಿಗೆ ಮುನಿಯಲ್ಲಮ್ಮ ಕಿಟಕಿಯಿಂದ ಬಗ್ಗಿ ಹೇಳಿದಳು, "ಅಶ್ವತ್ಥ, ನಿನ್ ಸಾರಿಗೆ ಉಪ್ಪು ಜಾಸ್ತಿ ಕಣೋ. ಎಲ್ಲಪ್ಪ ಹೇಳಲ್ಲ. ಅವನು ಏನೂ ಹೇಳೋನಲ್ಲ. ನೀನೇ ಕೇಳ್ಕೋಬೇಕು."

ಅಶ್ವತ್ಥಪ್ಪ ತಲೆಯಾಡಿಸಿದ. ರೈಲು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ಕೋಣೆಗೆ ಬಂದು ಒಲೆ ಹೊತ್ತಿಸಿದ. ಹಿಟ್ಟನ್ನು ಇನ್ನೊಬ್ಬರ ಪಾಲಿನಷ್ಟು ಹೆಚ್ಚು ಸುರಿದ. ಎಲ್ಲರೂ ಸಾಲಾಗಿ ಕೂತು ಮೊದಲ ತುತ್ತು ನುಂಗಿದ ಮೇಲೆ, ಸೌಟು ಕೈಯಲ್ಲಿ ಹಿಡಿದು ಎಲ್ಲಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಉಪ್ಪು ಹೆಂಗೈತೋ ಎಲ್ಲಪ್ಪ? ನಿಜ ಹೇಳು."

ಎಲ್ಲಪ್ಪ ತಟ್ಟೆ ನೋಡಿದ, ಹುಡುಗರನ್ನು ನೋಡಿದ. ಅವನ ಮುಖದಲ್ಲಿ ನಿಧಾನವಾಗಿ ನಗು ಮೂಡಿತು.

"ಜಾಸ್ತಿ ಆಗೈತಣ್ಣ," ಎಂದ.